ಐದನೆಯವಳನ್ನು ನೋಡಲು ಹೋದದ್ದು

"ಗೆಂಡೆಹಳ್ಳಿಗೆ ಇದೇ ದಾರಿನಾ ಅಣ್ಣ?" ಅದೇ ಹುಣಸೆಮರದ ಬುಡಕ್ಕೆ ಮತ್ತೆ ಬಂದು, ಸ್ಕೂಟರ್ ನಿಲ್ಲಿಸಿ ಕೇಳಿದೆ. ದನ ಕಾಯುತ್ತಿದ್ದವರು ದಾರಿ ಹೇಳಲಿಲ್ಲ, ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಕೆಲಸದಲ್ಲಿ ಇದು ಇದ್ದದ್ದೇ. ಕಾಲೇಜು ದಿನಗಳಲ್ಲಿ ಬಾಸ್ಕೆಟ್‌ಬಾಲ್ ಆಡುತ್ತ ಅರ್ಧ ದೇಶ ತಿರುಗಿದೆ, ಯಾರೂ ಅನುಮಾನ ಪಡಲಿಲ್ಲ. ಬೇಲೂರಿನ ಕಾಲೇಜೊಂದಕ್ಕೆ ಅಸಿಸ್ಟೆಂಟ್ ಕೋಚ್ ಆದಮೇಲೆ ದಿನಕ್ಕೊಬ್ಬರಾದರೂ ಪಡುತ್ತಾರೆ.

೧. ಅಳತೆ

"ಯಾರ್ ಮನೆಗವ್ವಾ?"

"ತುಂಬ ಎತ್ತರದ ಹುಡುಗಿ ಇದಾಳಲ್ಲ, ಅವರ ಮನೆಗೆ."

ನಮ್ಮ ಟೀಮಿನಲ್ಲಿದ್ದದ್ದು ನಾಲ್ಕೇ ಹುಡುಗಿಯರು. ಐದನೆಯವಳು ಸಿಗದಿದ್ದರೆ ಅರಸೀಕೆರೆಯ ಪಂದ್ಯದಲ್ಲಿ ಕೋರ್ಟಿಗೆ ಇಳಿಯುವ ಹಾಗೇ ಇಲ್ಲ. ಈ ಹುಡುಗಿ ನಮ್ಮ ಕಾಲೇಜಿನವಳೇ, ಆದರೆ ಮನೆಯವರು ಆಟಕ್ಕೆ ಬಿಡುತ್ತಿರಲಿಲ್ಲ.

"ಗಂಡು ಎಷ್ಟುದ್ದ ಅವ್ನೆ?"

"ಗಂಡು ಯಾರೂ ಇಲ್ಲಣ್ಣ. ಹುಡುಗಿ ಬೇಕಾಗಿರೋದು ನನಗೇ."

ಅವರು ಕೋಲೆತ್ತಿ ದಾರಿ ತೋರಿಸಿದರು. ವಾಪಸ್ ಬೇಲೂರಿಗೆ.

೨. ಉಪ್ಪಿಟ್ಟು, ಕೇಸರಿಬಾತು

ಹೇಗೋ ಮನೆ ಸೇರಿದೆ. ನನಗಿಂತ ಮೊದಲೇ ಸುದ್ದಿ ಸೇರಿತ್ತು. ಜಮಖಾನ ಹಾಸಿ ಉಪ್ಪಿಟ್ಟು, ಕೇಸರಿಬಾತು ತಂದಿಟ್ಟರು. ಸೀರೆ ಉಟ್ಟು ಬಂದ ಹುಡುಗಿ ಬಾಗಿಲ ಚೌಕಟ್ಟಿಗೆ ಹಣೆ ಹೊಡೆಸಿಕೊಂಡಳು. ನನಗೆ ಆನಂದಬಾಷ್ಪ.

ಕೈ ಮೇಲೆತ್ತಲು ಹೇಳಿದೆ. ತೊಲೆ ಮುಟ್ಟಿತು. "ಅಂಗಳದಲ್ಲಿ ಒಂದ್ಸಲ ಓಡಿ ತೋರ್ಸಮ್ಮ" ಅಂದೆ.

ಅವಳ ಅಪ್ಪನ ಮುಖ ಗಂಟಿಕ್ಕಿತು. "ಹೆಣ್ಣನ್ನ ನಡೆಸಿ ನೋಡೋದು ಕಂಡಿದ್ದೆ. ಓಡಿಸಿ ನೋಡೋರು ನೀವೇ ಮೊದಲು ಕಣ್ರೀ."

"ನಮಗೆ ಒಪ್ಪಿಗೆ. ನಾಲ್ಕು ಹುಡುಗೀರು ಆಗಲೇ ಇದಾರೆ, ಇವಳು ಐದನೆಯವಳು."

ಹುಡುಗಿಯ ಅಜ್ಜಿ ಒಳಗಿನಿಂದ ಬಂದು, ನನ್ನ ಮುಂದಿನ ತಟ್ಟೆ ಎತ್ತಿಕೊಂಡು ಹೋದರು.

೩. ಕಾವಲು

ಎಲ್ಲ ಬಿಡಿಸಿ ಹೇಳಿದ ಮೇಲೆ ಅಪ್ಪ ಒಪ್ಪಿದರು. ಷರತ್ತು ಒಂದೇ, ಹುಡುಗಿ ಎಲ್ಲಿಗೆ ಹೋದರೂ ಅಜ್ಜಿ ಜೊತೆಗಿರಬೇಕು. ಮಾರನೆಯ ದಿನದಿಂದ ಅಜ್ಜಿ ಕೋರ್ಟಿನ ಪಕ್ಕದಲ್ಲಿ ಎಲೆಅಡಿಕೆ ಚೀಲ ಬಿಚ್ಚಿಕೊಂಡು ಕೂತರು. ಕಣ್ಣೆಲ್ಲ ನನ್ನ ಮೇಲೆ.

"ನೀನು ಅಸಿಸ್ಟೆಂಟು ಅಂದೆ. ದೊಡ್ಡ ಕೋಚು ಎಲ್ಲವ್ನೆ?"

"ಅವರು ಯಾವಾಗಲಾದ್ರೂ ಒಂದ್ಸಲ ಬರ್ತಾರೆ ಅಜ್ಜಿ."

"ಹಂಗಾರೆ ದಿನಾ ನೀನು ಯಾರಿಗೆ ಅಸಿಸ್ಟೆಂಟು?"

ಇಷ್ಟು ವರ್ಷದ ಸರ್ವೀಸಿನಲ್ಲಿ ನನಗೂ ಅದು ಗೊತ್ತಾಗಿಲ್ಲ.

೪. ಹರಕೆ

ಅರಸೀಕೆರೆಯ ಸೆಮಿಫೈನಲ್ ಪಂದ್ಯ ಕೊನೆಯ ಗಳಿಗೆಯಲ್ಲಿ ಒಂದೇ ಪಾಯಿಂಟಿಗೆ ಬಂದು ನಿಂತಿತು. ನಮ್ಮ ಐದನೆಯವಳು ನಿಂತಲ್ಲೇ ಕೈ ಚಾಚಿ ಚೆಂಡು ಹಾಕಿದಳು. ಗೆದ್ದೆವು. ನಾನು ಕುಣಿಯುತ್ತಿದ್ದರೆ ಅಜ್ಜಿ ನನ್ನ ಉದ್ದ ಜಡೆಯನ್ನು ಕೈಯಲ್ಲಿ ತೂಗಿ ನೋಡುತ್ತಿದ್ದರು.

"ನಾಳೆ ಮಾಲೇಕಲ್ಲಿಗೆ ಹೋಗ್ಬೇಕು ಕಣವ್ವ. ಗೆದ್ರೆ ಮುಡಿ ಕೊಡಿಸ್ತೀನಿ ಅಂತ ತಿಮ್ಮಪ್ಪಂಗೆ ಹರಸ್ಕಂಡಿದ್ದೆ."

"ಒಳ್ಳೇದಾಯ್ತು, ಕೊಡಿ ಅಜ್ಜಿ."

"ನಂದೆಲ್ಲೈತೆ, ನಾಕೆಳೆ! ದೇವ್ರಿಗೆ ಅಷ್ಟು ಕಮ್ಮಿ ಕೊಡಕಾಯ್ತದಾ? ನಿಂದು ಹರಸ್ಕಂಡೆ."

"ನನ್ನ ಕೇಳದೇನಾ?"

"ನೀನು ಕೂಗಾಡ್ತಿದ್ದೆ. ಕೇಳಕೆ ಪುರುಸೊತ್ತೆಲ್ಲಿತ್ತು? ಹರಕೆ ತೀರೋಗಂಟ ಹುಡುಗೀನ ಆಟಕ್ಕೆ ಕಳ್ಸಾಕಿಲ್ಲ."

ಫೈನಲ್ ಇನ್ನೂ ಬಾಕಿಯಿತ್ತು. ಮಾರನೆಯ ದಿನ ತಿಮ್ಮಪ್ಪನ ಬೆಟ್ಟಕ್ಕೆ ಹೋದೆವು.

ಮುಡಿ ತೆಗೆಯುವವರು ಕೇಳಿದರು: "ಹರಕೆ ಯಾರದ್ದು?"

"ಈ ಅಜ್ಜೀದು."

"ಮುಡಿ?"

"ನಂದು."

ಅವರು ಕತ್ತಿ ಕೆಳಗಿಟ್ಟು ಇಬ್ಬರ ಮುಖವನ್ನೂ ನೋಡಿದರು. "ಅಮ್ಮಾ, ಮನಸ್ಸಿದ್ದೇ ಕೂತಿದೀರಾ?"

ನಾನು ಹೊತ್ತುಕೊಳ್ಳದ ಹರಕೆಯನ್ನು ತೀರಿಸಲು ತಲೆ ಬಗ್ಗಿಸಿದೆ. ಅಜ್ಜಿಗೆ ಆಗಲೂ ನಂಬಿಕೆಯಿಲ್ಲ. ನನ್ನ ಎರಡೂ ಕೈ ಬಿಗಿಯಾಗಿ ಹಿಡಿದುಕೊಂಡು ಮುಡಿ ತೆಗೆಯುವವರಿಗೆ ಹೇಳಿದರು:

"ಮೊದ್ಲು ನಡುಮಧ್ಯಕ್ಕೆ ಬೋಳಿಸ್ಬುಡಪ್ಪ. ಆಮೇಲೆ ಎದ್ದು ಎಲ್ಲಿಗೋಯ್ತಾಳೆ?"