ಪಿಸ್ತೂಲಿಗೊಂದು ಆಯುಧಪೂಜೆ

ಬಾರದ ಕೆಲಸದ ಮೇಲೆ ಮನುಷ್ಯನಿಗಿರುವ ಮೋಹ ಬರುವ ಕೆಲಸದ ಮೇಲೆ ಇರುವುದಿಲ್ಲ. ಇದು ನಾನು ನನ್ನನ್ನೇ ಬಹುಕಾಲ ಗಮನಿಸಿ ಕಂಡುಕೊಂಡ ಸತ್ಯ. ಬೇರೆಯವರನ್ನು ಗಮನಿಸುವಷ್ಟು ಬಿಡುವನ್ನು ನನ್ನ ಅವಾಂತರಗಳು ನನಗೆ ಕೊಟ್ಟಿಲ್ಲ. ಹಾಲೆಂಡಿನ ಆಮ್ಸ್ಟೆಲ್‌ವೀನಿನ ನಮ್ಮ ಮನೆಯ ಬಚ್ಚಲ ನಲ್ಲಿ ಸೋರುತ್ತಿತ್ತು. ಅದಕ್ಕೊಂದು ವಾಷರ್ ಹಾಕಲು ನನ್ನಿಂದ ಆಗಲಿಲ್ಲ. ದೇವರ ಪಟಕ್ಕೆಂದು ಗೋಡೆಗೆ ಹೊಡೆದ ಮೊಳೆ ಪಕ್ಕದ ಮನೆಗೆ ಹೊರಟುಹೋಯಿತು. ಇಂಥ ನಾನು ನಾಲ್ಕು ಶತಮಾನದ ಹಿಂದಿನ ಮಾದರಿಯ ಪಿಸ್ತೂಲೊಂದನ್ನು ಸ್ವಹಸ್ತದಿಂದ ನಿರ್ಮಿಸುವ ಸಂಕಲ್ಪ ಮಾಡಿದ್ದೇನೆಂದು ಹೇಳಿದಾಗ ನನ್ನ ಹೆಂಡತಿ ವಿಮಲಾ ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ತಪ್ಪು ನನ್ನದಲ್ಲ, ಆ ಮೊಳೆಯದು. ಅದರ ತುದಿ ತಮ್ಮ ಗೋಡೆಯಲ್ಲಿ ದರ್ಶನ ಕೊಟ್ಟಿದೆಯೆಂದು ತಿಳಿಸಲು ಬಂದ ಪಕ್ಕದ ಮನೆಯ ವಿಲ್ಲೆಮ್ ಜಗಳವಾಡುವ ಬದಲು ನನ್ನನ್ನು ಕಾಫಿಗೆ ಕರೆದರು. ನಿವೃತ್ತ ದಂತವೈದ್ಯರು. ಆ ದೇಶದ ಪದ್ಧತಿಯಂತೆ ಒಂದೇ ಒಂದು ಬಿಸ್ಕತ್ತು ಕೊಟ್ಟು ಡಬ್ಬಿಯ ಮುಚ್ಚಳ ಹಾಕಿ, ತಮ್ಮ ಹವ್ಯಾಸವನ್ನು ಮಾತ್ರ ಧಾರಾಳವಾಗಿ ಬಡಿಸಿದರು. ನದಿಯ ದಂಡೆಯ ಹಳೆಯ ಗೋದಾಮೊಂದರಲ್ಲಿ ಅವರದೊಂದು ಕ್ಲಬ್ಬು. ಚಕಮಕಿ ಕಲ್ಲಿನ ಬಂದೂಕು ಬರುವುದಕ್ಕೂ ಮುಂಚಿನ ಕಾಲದ ಬಂದೂಕುಗಳ ನಕಲನ್ನು, ಸರ್ಕಾರದ ಪರವಾನಗಿ ಪಡೆದು, ಅಲ್ಲಿ ತಯಾರಿಸುತ್ತಿದ್ದರು. ಅವು ಯಾರನ್ನೂ ಕೊಲ್ಲುವುದಿಲ್ಲ. ತಯಾರಿಸುವವರ ಶನಿವಾರಗಳನ್ನು ಮಾತ್ರ ಕೊಲ್ಲುತ್ತವೆ.

ಈ ಬಂದೂಕುಗಳಲ್ಲಿ ಎರಡು ಪಂಗಡ. ಮೊದಲನೆಯದು ಹಗ್ಗದ್ದು. ನಮ್ಮ ಬೀಡಾ ಅಂಗಡಿಯ ಕಂಬದಲ್ಲಿ ತುದಿ ಕೆಂಪಗೆ ಉರಿಯುತ್ತ ಒಂದು ಹಗ್ಗ ತೂಗುತ್ತದಲ್ಲ, ಸಿಗರೇಟು ಹಚ್ಚಿಕೊಳ್ಳಲು? ಅಂಥದ್ದೇ ಹಗ್ಗದ ಕಿಡಿಯನ್ನು ಮದ್ದಿಗೆ ಮುಟ್ಟಿಸುವುದು. ಮಳೆ ಬಂದರೆ ಯುದ್ಧ ನಿಂತಿತು. ಹಾಲೆಂಡಿನಲ್ಲಿ ಯುದ್ಧ ಹೇಗೆ ಶುರುವಾಗುತ್ತಿತ್ತೋ ದೇವರೇ ಬಲ್ಲ. ಎರಡನೆಯದು ಚಕ್ರದ್ದು. ಅಲಾರಂ ಗಡಿಯಾರದಂತೆ ಕೀಲಿ ಕೊಟ್ಟು ಸ್ಪ್ರಿಂಗನ್ನು ಬಿಗಿ ಮಾಡಿಟ್ಟರೆ, ಟ್ರಿಗರ್ ಎಳೆದಾಗ ಹಲ್ಲುಹಲ್ಲಾದ ಉಕ್ಕಿನ ಚಕ್ರವೊಂದು ಗಿರ್ರನೆ ತಿರುಗಿ, ಚಿನ್ನದಂತೆ ಹೊಳೆಯುವ ಒಂದು ಕಲ್ಲಿಗೆ ಉಜ್ಜಿ ಕಿಡಿ ಹಾರಿಸುತ್ತದೆ. ಸಿಪಾಯಿಗಳಿಗೆಲ್ಲ ಹಗ್ಗ, ದೊರೆಗಳಿಗೆ ಮಾತ್ರ ಚಕ್ರ. ಒಂದು ವಾಷರ್ ಹಾಕಲಾರದವನು ಎರಡರಲ್ಲಿ ಯಾವುದನ್ನು ಆರಿಸಿಕೊಂಡನೆಂದು ಬೇರೆ ಹೇಳಬೇಕೆ?

ಆಗ ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಎರಡು ಸಾವಿರನೇ ಇಸವಿ ಬಂದೊಡನೆ ಕಂಪ್ಯೂಟರುಗಳೆಲ್ಲ ನೂರು ವರ್ಷ ಹಿಂದಕ್ಕೆ ಹೋಗಿ ಕೂರುತ್ತವೆ ಎಂಬ ಜಗತ್ತಿನ ಭಯವೇ ನಮ್ಮಂಥವರಿಗೆ ಅನ್ನ ಹಾಕುತ್ತಿತ್ತು. ವಾರವಿಡೀ ಬ್ಯಾಂಕೊಂದರಲ್ಲಿ ಕುಳಿತು ಲೋಕ ಹಿಂದಕ್ಕೆ ಹೋಗದಂತೆ ತಡೆಯುತ್ತಿದ್ದೆ. ಶನಿವಾರ ಸೈಕಲ್ ಹತ್ತಿ ನಾನೇ ನಾನ್ನೂರು ವರ್ಷ ಹಿಂದಕ್ಕೆ ಹೋಗುತ್ತಿದ್ದೆ.

ಕ್ಲಬ್ಬಿನ ನಿಯಮ ಒಂದೇ. ಹೊಸಬನಿಗೆ ಒಂದು ವರ್ಷ ಕೆಲಸದ ಮೇಜಿನ ತುದಿಯಲ್ಲಿ ಜಾಗ, ವಸ್ತುವನ್ನು ಕಚ್ಚಿ ಹಿಡಿಯುವ ಒಂದು ಬೆಂಚ್ ವೈಸು. ವರ್ಷದ ಕೊನೆಗೆ, ಅಕ್ಟೋಬರಿನಲ್ಲಿ ಎಲ್ಲರ ಮುಂದೆ ಅವನ ಚಕ್ರ ಕಿಡಿ ಕೊಟ್ಟರೆ ಜಾಗ ಕಾಯಂ. ಕೊಡದಿದ್ದರೆ ಕಾದು ಕುಳಿತಿರುವ ಮುಂದಿನವನಿಗೆ. ನಾನು ಜೀವನದಲ್ಲಿ ಪಾಸು ಮಾಡಿದ ಪರೀಕ್ಷೆಗಳು ಬಹಳ; ಆದರೆ ಆ ವೈಸಿನ ಮೇಲೆ ಹುಟ್ಟಿದಂಥ ಆಸೆ ಯಾವ ಪದವಿಯ ಮೇಲೂ ಹುಟ್ಟಿರಲಿಲ್ಲ. ಅದರ ಹಿಡಿ ತಿರುಗಿಸುವಾಗ ನಾನೊಬ್ಬ ಕಸುಬುದಾರ ಎನಿಸುತ್ತಿತ್ತು. ಅದಕ್ಕೆ ಕಚ್ಚಿಸಿದ ವಸ್ತು ಹಾಳಾಗುತ್ತಿತ್ತು, ಆ ಮಾತು ಬೇರೆ. ನಾನು ಅರದಿಂದ ಉಜ್ಜಿ ಮೊಂಡು ಮಾಡಿದ ಚಕ್ರದ ಹಲ್ಲುಗಳನ್ನು ವಿಲ್ಲೆಮ್ ತಮ್ಮ ಹಳೆಯ ಡ್ರಿಲ್ಲಿನಿಂದ ಮತ್ತೆ ಕೊರೆದರು. ನಾನು ಮುರಿದ ಸ್ಪ್ರಿಂಗುಗಳ ಬದಲು ಅವರೇ ಒಂದನ್ನು ಹದ ಮಾಡಿ ಕೊಟ್ಟರು. “ನಾವು ಚೆನ್ನಾಗಿ ಮಾಡಿದೆವು” ಎಂದು ನಾನು ಅವರನ್ನು ಹುರಿದುಂಬಿಸುತ್ತಿದ್ದೆ.

ಪಿಸ್ತೂಲಿನ ನಳಿಕೆ ಕ್ಲಬ್ಬಿನ ಬೀಗದೊಳಗೇ ಇರಬೇಕು. ಮನೆಗೆ ತರಲು ಒಪ್ಪಿಗೆಯಿದ್ದದ್ದು ಚಕ್ರವಿರುವ ಯಂತ್ರದ ಭಾಗ ಮಾತ್ರ. ಪರೀಕ್ಷೆಯ ವಾರ ಅದನ್ನು ಟವೆಲಿನಲ್ಲಿ ಸುತ್ತಿ ತಂದು, ಊಟದ ಮೇಜಿನ ಮೇಲಿಟ್ಟು, ವಿಮಲಾಳನ್ನು ಕರೆದು ಟ್ರಿಗರ್ ಎಳೆದೆ. ಗಿರ್ರ್! ಕಿಡಿ ಹಾರಿತು. ಮೇಜಿನ ಪ್ಲಾಸ್ಟಿಕ್ ಹೊದಿಕೆಯಲ್ಲಿ ಒಂದು ತೂತಾಯಿತು.

ವಿಮಲಾ ತೂತನ್ನು ನೋಡಿದಳು, ನನ್ನನ್ನು ನೋಡಿದಳು. “ರೀ, ಒಂದು ವರ್ಷ ಮಾಡಿದ್ದು ಇದನ್ನೇನಾ? ನಮ್ಮ ಗ್ಯಾಸ್ ಲೈಟರ್ ಕೂಡ ಇದನ್ನೇ ಮಾಡುತ್ತಲ್ರೀ!”

“ಇದು ದೊರೆಗಳು ಬಳಸುತ್ತಿದ್ದದ್ದು ಕಣೇ.”

“ಪಾಪ, ಆಗ ಅವರಿಗೆ ಲೈಟರ್ ಸಿಗ್ತಿರಲಿಲ್ಲ ಬಿಡಿ.”

ಮರುದಿನವೇ ಆಯುಧಪೂಜೆ. ಮಿಕ್ಸಿ, ಹೊಲಿಗೆ ಯಂತ್ರ, ಎರಡು ಸೈಕಲ್ಲು, ಈಳಿಗೆಮಣೆ ಎಲ್ಲ ಸ್ನಾನ ಮುಗಿಸಿ ಸಾಲಾಗಿ ನಿಂತಿದ್ದವು. ಇಷ್ಟು ವರ್ಷ ಮಿಕ್ಸಿಯನ್ನು ಆಯುಧವೆಂದು ನಂಬಿ ಪೂಜಿಸಿದ ನನಗೆ ಮೊದಲ ಬಾರಿಗೆ ನಿಜವಾದ ಆಯುಧವೊಂದು, ಅರ್ಧವೇ ಆಗಲಿ, ಸಿಕ್ಕಿತ್ತು. ಅದನ್ನು ತಂದು ನಟ್ಟನಡುವೆ ಇಟ್ಟೆ.

“ಅದಕ್ಯಾಕ್ರೀ ಪೂಜೆ? ವರ್ಷವಿಡೀ ದುಡಿದ ಸಾಮಾನಿಗೆ ಮಾಡೋದು. ಅದು ಇನ್ನೂ ಏನೂ ದುಡಿದಿಲ್ಲ” ಎಂದಳು ವಿಮಲಾ.

“ಮುಂದೆ ದುಡಿಯಲಿ ಅಂತ.”

“ಸರಿ, ಒಂದು ಚುಕ್ಕೆ ಗಂಧ ಇಡಿ ಸಾಕು. ಸಂದಿಗೊಂದಿ ಇರೋ ವಸ್ತು.”

ಒಂದು ಚುಕ್ಕೆಗೆ ತೃಪ್ತನಾಗುವ ಭಕ್ತ ನಾನಲ್ಲ. ಗಂಧ ಹಚ್ಚಿ, ಕುಂಕುಮವಿಟ್ಟು, ನೆನಪಿಗೆ ಬಂದ ಮಂತ್ರಗಳನ್ನೆಲ್ಲ ಹೇಳಿ, ಮದುವೆಯಲ್ಲಿ ವಧೂವರರ ಮೇಲೆ ಹಾಕುವಂತೆ ಎರಡೂ ಕೈಯಲ್ಲಿ ಅಕ್ಷತೆ ಸುರಿದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಟವೆಲಿನಲ್ಲಿ ಸುತ್ತಿಟ್ಟೆ.

ಶನಿವಾರ ಗೋದಾಮಿನಲ್ಲಿ ಎಲ್ಲರೂ ಕಾಫಿ ಲೋಟ ಹಿಡಿದು ಸುತ್ತ ನಿಂತರು. ವಿಮಲಾಳೂ ರೇನ್‌ಕೋಟು ತೊಟ್ಟು ಬಂದಿದ್ದಳು. ಮುಂದಿನ ಅಭ್ಯರ್ಥಿ, ಕೆಂಪು ಗಡ್ಡದ ತರುಣ, ನನ್ನ ವೈಸಿನ ಪಕ್ಕದಲ್ಲೇ ನಿಂತು ಅದರ ಹಿಡಿಯನ್ನು ಮೃದುವಾಗಿ ಸವರುತ್ತಿದ್ದ. ನಾನು ಕೀಲಿ ಕೊಟ್ಟೆ, ಕಲ್ಲನ್ನು ಚಕ್ರದ ಮೇಲೆ ಇಳಿಸಿದೆ, ಗಂಭೀರವಾಗಿ ಟ್ರಿಗರ್ ಎಳೆದೆ. ಒಳಗೆ ‘ಕಟ್’ ಎಂದು ಒಂದು ಶಬ್ದ. ಅಷ್ಟೆ. ಇನ್ನೊಮ್ಮೆ ಎಳೆದೆ. ಆ ಶಬ್ದವೂ ಇಲ್ಲ. ಗಡ್ಡದವನು ಸವರುವುದನ್ನು ಬಿಟ್ಟು ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

ವಿಲ್ಲೆಮ್ ಕನ್ನಡಕ ಏರಿಸಿ, ಹಲ್ಲು ನೋಡುವ ಪುಟ್ಟ ಕನ್ನಡಿಯನ್ನೂ ಕೊಕ್ಕೆಯನ್ನೂ ಜೇಬಿನಿಂದ ತೆಗೆದು, ದೀಪದ ಕೆಳಗೆ ನನ್ನ ಪಿಸ್ತೂಲಿನ ಚಕ್ರದ ಬಾಯೊಳಗೆ ಇಣುಕಿದರು. ಸ್ವಲ್ಪ ಕೆರೆದರು. ಕೊಕ್ಕೆಯ ತುದಿಯಲ್ಲಿ ಹಳದಿ ಬಣ್ಣದ, ಮುರಿಯದ ಒಂದು ಅಕ್ಕಿಕಾಳು ಹೊರಬಂತು.

“ಮೂರ್ತಿ,” ಎಂದರು, ನಲವತ್ತು ವರ್ಷ ರೋಗಿಗಳಿಗೆ ಹೇಳಿ ಪಳಗಿದ ದನಿಯಲ್ಲಿ, “ಊಟವಾದ ಮೇಲೆ ಇದಕ್ಕೆ ಹಲ್ಲುಜ್ಜಿಸಿಲ್ಲ ನೀನು.”

ನಾನು ಆಯುಧಪೂಜೆಯ ಮಹತ್ವವನ್ನು ವಿವರಿಸಿದೆ. ಎಲ್ಲರೂ ಶ್ರದ್ಧೆಯಿಂದ ಕೇಳಿದರು. ಕೊನೆಗೆ ಒಬ್ಬಾತ, “ಹಾಗಾದರೆ ಪ್ರತಿದಿನ ಊಟ ಹಾಕಬೇಕೋ, ವರ್ಷಕ್ಕೊಮ್ಮೆ ಸಾಕೋ?” ಎಂದು ನಿಜವಾದ ಕಾಳಜಿಯಿಂದ ಕೇಳಿದ. ವಿಮಲಾ ಕಿಟಕಿಯಾಚೆಗಿನ ನದಿಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು. ಅವಳ ರೇನ್‌ಕೋಟು ಮಾತ್ರ ಅಲುಗಾಡುತ್ತಿತ್ತು.

ಅಷ್ಟರಲ್ಲಿ ವಿಲ್ಲೆಮ್ ಗಂಧವನ್ನು ಕೆರೆದು, ಕಲ್ಲನ್ನು ಒಣಗಿಸಿ, ಕೀಲಿ ತಿರುಗಿಸಿ ಟ್ರಿಗರ್ ಎಳೆದರು. ಗಿರ್ರನೆ ಕಿಡಿಯ ಜಡಿಮಳೆ! ಗಡ್ಡದವನು ಕೂಡಲೇ ಆಕ್ಷೇಪಿಸಿದ: ಎಳೆದದ್ದು ಮೂರ್ತಿ ಅಲ್ಲ. ವಿಲ್ಲೆಮ್ ನಿಯಮದ ಹಾಳೆ ತರಿಸಿ ಓದಿ, “ಚಕ್ರ ಕಿಡಿ ಕೊಡಬೇಕು ಅಂತಷ್ಟೇ ಇದೆ. ಯಾರಿಂದ ಅಂತ ಇಲ್ಲ” ಎಂದು ತೀರ್ಪು ಕೊಟ್ಟರು. ವೈಸು ನನಗೆ ಕಾಯಂ ಆಯಿತು. ನಾನು ಎದೆಯುಬ್ಬಿಸಿ ಎಲ್ಲರ ಕೈ ಕುಲುಕಿದೆ.

ಎದುರುಗಾಳಿಯಲ್ಲಿ ಸೈಕಲ್ ತುಳಿಯುತ್ತ ಮನೆಗೆ ಬರುವಾಗ ವಿಮಲಾ ಪಕ್ಕಕ್ಕೆ ಬಂದು ಕೂಗಿ ಕೇಳಿದಳು: “ರೀ, ಹಲ್ಲು ಕೊರೆದದ್ದು ಅವರು, ಸ್ಪ್ರಿಂಗ್ ಹಾಕಿದ್ದು ಅವರು, ಕೊನೆಗೆ ಕಿಡಿ ಹಾರಿಸಿದ್ದೂ ಅವರೇ. ನೀವಾಗೇ ಅದರೊಳಗೆ ಹಾಕಿದ್ದು ಏನಾದರೂ ಇದೆಯಾ?”

ಗಾಳಿಗೆ ಕೇಳಿಸಲಿಲ್ಲವೆಂಬಂತೆ ಮುಂದೆ ತುಳಿದೆ. ಆದರೆ ಮನಸ್ಸಿನಲ್ಲಿ ಪ್ರಾಮಾಣಿಕವಾಗಿ ಹುಡುಕಿದೆ. ಇತ್ತು. ಯಾರ ನೆರವೂ ಇಲ್ಲದೆ, ಕೇವಲ ಸ್ವಹಸ್ತದಿಂದ, ಸರಿಯಾದ ಸಂದಿಗೆ ಬೀಳುವಂತೆ ನಾನು ಕೂರಿಸಿದ ಭಾಗ ಒಂದಿತ್ತು. ಅದನ್ನು ವಿಲ್ಲೆಮ್ ಕೊಕ್ಕೆ ಹಾಕಿ ತೆಗೆದುಬಿಟ್ಟಿದ್ದರು.