ಬೆಳೆಯೋ ಮಕ್ಕಳ ಯೂನಿಫಾರಂ

ಈ ಬೇಸಿಗೆಯಲ್ಲಿ ಹೆಂಡತಿಯನ್ನು ಉದ್ಧಾರ ಮಾಡಿಯೇ ತೀರುವುದೆಂದು ನಾನು ನಿರ್ಧರಿಸಿಬಿಟ್ಟೆ! ರಜೆ ಚೀಟಿ ಕೊಟ್ಟಾಗ ನಮ್ಮ ಸಾಹೇಬರು, "ಏನ್ರೀ, ಪ್ರವಾಸಾನಾ?" ಎಂದು ಕೇಳಿದರು.

"ಅಲ್ಲ ಸಾರ್, ಸಮಾಜಸೇವೆ!" ಎಂದು ಎದೆಯುಬ್ಬಿಸಿ ಹೇಳಿ ಹೊರಟೆ.

ನನ್ನ ಹೆಂಡತಿ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ. ಶಾಲೆ ಶುರುವಾಗುವ ಹೊತ್ತಿಗೆ ಬೀದಿಯ ಜನರೆಲ್ಲ ಅವಳ ಬಾಗಿಲ ಮುಂದೆಯೇ ಹಾದು ದೊಡ್ಡ ರಸ್ತೆಯ ರೆಡಿಮೇಡ್ ಅಂಗಡಿಗೆ ಹೋಗುವುದು ವಾಡಿಕೆ. ಆದರೆ ಹೋದ ವರ್ಷ ಅಲ್ಲಿ ಕೊಂಡ ಚಡ್ಡಿಗಳೆಲ್ಲ ಆಟದ ಮೈದಾನದಲ್ಲೇ ಹೊಲಿಗೆ ಬಿಟ್ಟುಕೊಂಡು ಮಕ್ಕಳ ಮಾನ ತೆಗೆದಿದ್ದವು. ಆ ಪುಣ್ಯದಿಂದ ಈ ವರ್ಷ ಬೀದಿಗೆ ಬೀದಿಯೇ ನಮ್ಮ ಮನೆ ಕಡೆ ತಿರುಗಿತ್ತು.

"ನೋಡ್ರೀ, ಈ ಸಲ ನೆಟ್ಟಗೆ ಹೊಲಿದು ಕೊಟ್ರೆ ಇನ್ನು ವರ್ಷಾ ವರ್ಷಾ ನಮ್ಮ ಹತ್ರಾನೇ ಬರ್ತಾರೆ" ಎಂದಳು ಹೆಂಡತಿ. "ಎಡವಟ್ಟಾಯ್ತೋ, ಈ ಕಡೆ ತಲೆ ಹಾಕಿಯೂ ಮಲಗಲ್ಲ."

"ನೀನ್ಯಾಕೆ ಹೆದರ್ತೀಯ? ನಾನಿದ್ದೀನಲ್ಲ!"

"ಅದಕ್ಕೇ ಹೆದರಿಕೆ!"

ಅವಳು ಬಟ್ಟೆ ಕತ್ತರಿಸುವುದು, ಅವಳಿಗೆ ನೆರವಾಗಲೆಂದೇ ಬಂದಿದ್ದ ನಮ್ಮತ್ತೆ ಮೆಷಿನ್ ತುಳಿಯುವುದು, ನಾನು ಅಳತೆ ತೆಗೆಯುವುದು ಎಂದು ಕೆಲಸ ಹಂಚಿಕೆಯಾಯಿತು. ಅಳತೆ ನನ್ನ ಪಾಲಿಗೆ ಬಂದದ್ದು ಸುಮ್ಮನೆ ಅಲ್ಲ. ನಾನು ಸೇತುವೆ ಕಟ್ಟುವ ಎಂಜಿನಿಯರ್. ನದಿಯನ್ನೇ ಅಳೆದವನಿಗೆ ಚಡ್ಡಿ ಯಾವ ಲೆಕ್ಕ!

ಮೊದಲು ಬಂದವರು ಎದುರು ಮನೆಯ ನರ್ಸಮ್ಮ, ಜೊತೆಗೆ ಅವರ ಮಗ ಗುಂಡ. ನಾನು ಟೇಪು ಝಳಪಿಸುತ್ತಾ ಗುಂಡನ ಸುತ್ತ ಒಂದು ಪ್ರದಕ್ಷಿಣೆ ಹಾಕಿದೆ.

"ಬೆಳೆಯೋ ಹುಡುಗ, ಸ್ವಲ್ಪ ಸಡಿಲವಾಗೇ ಇರ್ಲಿ" ಎಂದರು ನರ್ಸಮ್ಮ.

ಅವರ ಹಿಂದೆ ಬಂದ ತಾಯಂದಿರೆಲ್ಲರದೂ ಇದೇ ಮಾತು. ನನ್ನೊಳಗಿನ ಎಂಜಿನಿಯರ್ ಎದ್ದು ಕೂತ! ಸೇತುವೆಯ ಮೇಲೆ ಎಷ್ಟು ಲಾರಿ ಓಡುತ್ತವೋ ಅಷ್ಟಕ್ಕೇ ಕಟ್ಟಿದರೆ ಅವನು ಎಂಜಿನಿಯರೇ ಅಲ್ಲ. ಎರಡರಷ್ಟು ಭಾರ ಬಂದರೂ ಜಗ್ಗಬಾರದು. ಇದೇ ಮಹಾಸೂತ್ರವನ್ನು ಚಡ್ಡಿಗೂ ಲಂಗಕ್ಕೂ ಅನ್ವಯಿಸಿ, ಪ್ರತಿ ಅಳತೆಗೂ ನಾಲ್ಕು ಬೆರಳು ಧಾರಾಳವಾಗಿ ಸೇರಿಸಿ ಬರೆದುಕೊಂಡೆ. ಹೆಂಡತಿಗೆ ಹೇಳಲಿಲ್ಲ. ಬಟ್ಟೆ ಸಿದ್ಧವಾದ ಮೇಲೆ ಅವಳೇ ಕಣ್ಣರಳಿಸಿ ಹೊಗಳಲಿ ಎಂಬ ಆಸೆ.

"ಅಳತೆ ಎಲ್ಲಾ ಸರಿಯಾಗಿದೆ ತಾನೇ?" ಎಂದು ಅವಳು ಕತ್ತರಿ ಹಿಡಿದು ಕೇಳಿದಳು.

"ಬರೀ ಸರಿಯಾಗಿರೋದಲ್ಲ ಕಣೇ, ಭದ್ರವಾಗಿದೆ!"

ಕತ್ತರಿ ಓಡಿತು, ಮೆಷಿನ್ ಗಡಗಡಿಸಿತು. ತಂದಿಟ್ಟ ಬಟ್ಟೆ ಅರ್ಧ ಕೆಲಸಕ್ಕೇ ಮುಗಿದಾಗ ಹೆಂಡತಿ ಬಟ್ಟೆ ಅಂಗಡಿಯವನಿಗೆ ಬಾಯಿಗೆ ಬಂದಂತೆ ಬೈದಳು. "ಎಲ್ಲಾ ಕಡೆ ಮೋಸ" ಎಂದು ನಾನೂ ದನಿಗೂಡಿಸಿದೆ. ಮತ್ತೆ ಬಟ್ಟೆ ತಂದು ಕೆಲಸ ಮುಂದುವರಿಸಿದೆವು.

ಶಾಲೆಗೆ ಇನ್ನೇನು ಒಂದು ದಿನ ಇದೆ ಎನ್ನುವಾಗ ಜನ ಬಟ್ಟೆ ಒಯ್ಯಲು ಬಂದರು. ಗುಂಡ ಪರದೆಯ ಹಿಂದೆ ಹೋಗಿ ಹೊಸ ಬಟ್ಟೆ ತೊಟ್ಟು ಬಂದ. ಅಂದರೆ, ಬಟ್ಟೆ ಬಂತು. ಗುಂಡ ಅದರೊಳಗೆ ಎಲ್ಲೋ ಇದ್ದ!

"ಅಮ್ಮಾ, ಇದು ಚಡ್ಡಿನಾ, ಪ್ಯಾಂಟಾ?" ಎಂದು ಅಂಗಿಯ ಕಾಲರಿನ ಆಳದಿಂದ ದನಿ ಕೇಳಿಸಿತು.

ನರ್ಸಮ್ಮ ಮಗನ ತೋಳೊಳಗೆ ಕೈ ಹಾಕಿ ಅವನ ಬೆರಳು ಹುಡುಕಿ ಹೊರಗೆಳೆದರು. ಆಮೇಲೆ ನನ್ನ ಕಡೆ ತಿರುಗಿ, "ಸ್ವಲ್ಪ ಬೆಳೆಯೋಕೆ ಜಾಗ ಇರ್ಲಿ ಅಂದೆ ನಾನು. ಇದ್ರಲ್ಲಿ ಅವನು ಮದುವೆನೂ ಆಗ್ಬಹುದಲ್ರೀ!" ಎಂದರು.

ಹಿಂದೆ ನಿಂತಿದ್ದ ತಾಯಂದಿರಲ್ಲಿ ಗುಸುಗುಸು ಎದ್ದಿತು. ಹೆಂಡತಿ ನನ್ನನ್ನೂ ಅತ್ತೆಯನ್ನೂ ಅಡುಗೆಮನೆಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

"ನಿಜ ಹೇಳ್ರೀ. ಅಳತೆಗೆ ಏನಾದ್ರೂ ಸೇರಿಸಿದ್ರಾ?"

"ಹೆಚ್ಚೇನಿಲ್ಲ... ನಾಲ್ಕೇ ಬೆರಳು."

"ಅಯ್ಯೋ! ಬೆಳೆಯೋ ಮಕ್ಕಳು ಅಂತ ನಾನೂ ಕತ್ತರಿಸುವಾಗ ನಾಲ್ಕು ಬೆರಳು ಬಿಟ್ಟೆನಲ್ರೀ!"

ಅತ್ತೆ ಕೆಮ್ಮಿದರು. "ನೀನು ಚಿಕ್ಕಂದಿನಿಂದ ಬಟ್ಟೆ ಬಿಗಿಯಾಗೇ ಕತ್ತರಿಸೋದು ಕಣೇ. ಅದಕ್ಕೆ ಸ್ವಲ್ಪ ಸಡಿಲ ಆಗ್ಲಿ ಅಂತ ನಾನು ಎಲ್ಲಾ ಹೊಲಿಗೆನೂ ಆದಷ್ಟು ಅಂಚಿಗೇ ಹಾಕ್ಬಿಟ್ಟೆ."

ಮೂವರೂ ಒಬ್ಬರಿಗೊಬ್ಬರು ಹೇಳದೆ ಗುಟ್ಟಾಗಿ ಪುಣ್ಯ ಕಟ್ಟಿಕೊಂಡಿದ್ದೆವು! ಹೆಂಡತಿ ತಲೆ ಮೇಲೆ ಕೈ ಹೊತ್ತು ಅಲ್ಲೇ ಕೂತಳು. ಅವಳ ಕಣ್ಣಲ್ಲಿ ನೀರು ಕಂಡಿತು. ಎಷ್ಟು ವರ್ಷ ಕಾದು ಸಿಕ್ಕ ಅವಕಾಶ ಅವಳದು! ನಾನು ನನ್ನ ಉದ್ಧಾರದ ಹುಚ್ಚಿನಲ್ಲಿ ಅದಕ್ಕೆ ಕಲ್ಲು ಹಾಕಿದ್ದೆ.

"ಎಲ್ಲಾ ಬಿಚ್ಚಿ ಮತ್ತೆ ಕತ್ತರಿಸ್ತೀನಿ" ಎಂದು ಅವಳು ಕಣ್ಣೊರೆಸಿಕೊಂಡು ಎದ್ದಳು.

"ಅಷ್ಟಕ್ಕೆಲ್ಲಿದೆ ಹೊತ್ತು? ಕತ್ತರಿ ಮುಟ್ಟಬೇಡ!" ಎಂದು ನಾನು ಅಡ್ಡ ನಿಂತೆ. ತಲೆಯಲ್ಲಿ ಮಿಂಚು ಹೊಡೆದಿತ್ತು. "ಹೆಚ್ಚಾಗಿರೋ ಬಟ್ಟೆನೆಲ್ಲ ಒಳಗಡೆ ಮಡಚಿ ಕೈಹೊಲಿಗೆ ಹಾಕಿದ್ರೆ?"

"ಇಷ್ಟು ಬಟ್ಟೆಗೆ ಕೈಹೊಲಿಗೆ ಹಾಕೋರು ಯಾರು?"

ಬಾಗಿಲ ಆಚೆಯಿಂದ ನರ್ಸಮ್ಮನ ದನಿ ಬಂತು. ಅಷ್ಟೂ ಹೊತ್ತು ಕಿವಿಗೊಟ್ಟು ನಿಂತಿದ್ದರೆಂದು ಕಾಣುತ್ತದೆ. "ಗಾಯಕ್ಕೇ ಹೊಲಿಗೆ ಹಾಕೋದು ಗೊತ್ತಿರೋಳು, ಚಡ್ಡಿಗೆ ಹಾಕಲ್ವಾ? ಕೊಡಿ ಸೂಜಿ!"

ಅವರು ಹಾಕಿ ತೋರಿಸಿದ ಹೊಲಿಗೆಯೂ ಆಸ್ಪತ್ರೆಯದೇ. ಹೊರಗೆ ದಾರ ಕಾಣುವುದಿಲ್ಲ. ಗಾಯ ಮಾಗಿದ ಮೇಲೆ ಒಂದು ತುದಿ ಹಿಡಿದು ಎಳೆದರೆ ಪೂರ್ತಿ ದಾರ ಸರ್ರನೆ ಕೈಗೆ ಬರುತ್ತದೆ. ಅದನ್ನು ನೋಡಿದ್ದೇ ನನಗೆ ಆವೇಶ ಬಂತು. ಜನ ಕಾಯುತ್ತಿದ್ದ ಪಡಸಾಲೆಗೆ ಹಾರಿ, ಕುರ್ಚಿ ಹತ್ತಿ ನಿಂತು ಭಾಷಣ ಶುರುಮಾಡಿದೆ.

"ಮಹನೀಯರೇ, ಮಹಿಳೆಯರೇ! ಇದು ತಪ್ಪಲ್ಲ, ಯೋಜನೆ! ಬೆಳೆಯೋ ಮಕ್ಕಳಿಗೆ ಬೆಳೆಯೋ ಯೂನಿಫಾರಂ! ಒಳಗೆ ಮೂರು ಮಡಿಕೆ ಇರುತ್ತೆ. ಮಗು ಒಂದು ವರ್ಷ ಬೆಳೀತಾ? ಒಂದು ದಾರ ಎಳೀರಿ. ಇನ್ನೊಂದು ವರ್ಷ ಬೆಳೀತಾ? ಇನ್ನೊಂದು ದಾರ ಎಳೀರಿ!"

ಬಿತ್ತು ನೋಡಿ ಚಪ್ಪಾಳೆ! ಅದೇ ಚಪ್ಪಾಳೆಯ ಬಿಸಿಯಲ್ಲಿ ಎಲ್ಲರ ಕೈಗೂ ಸೂಜಿ ಹಿಡಿಸಿದೆ. ನಮ್ಮ ಪಡಸಾಲೆಯಲ್ಲಿ ಮಕ್ಕಳ ಬಟ್ಟೆಗೆಂದು ಬಂದಿದ್ದ ಬಸ್ ಡ್ರೈವರು ಅಂಗಿಯ ತೋಳು ಮಡಚಿ ಹೊಲಿದರು, ಲೆಕ್ಕದ ಮೇಷ್ಟ್ರು ಲಂಗಕ್ಕೆ ಹೊಲಿಗೆ ಹಾಕಿದರು, ಅತ್ತೆ ಎಲ್ಲರ ಹೊಲಿಗೆಗೂ ತಪ್ಪು ಹುಡುಕಿದರು. ನಾನೂ ಒಂದು ಅಂಗಿಯನ್ನು ಅಚ್ಚುಕಟ್ಟಾಗಿ ಮುಗಿಸಿ ಹೆಮ್ಮೆಯಿಂದ ಎದ್ದೆ. ಅಂಗಿಯೂ ನನ್ನ ಜೊತೆಗೇ ಎದ್ದಿತು. ನನ್ನ ಪೈಜಾಮಕ್ಕೇ ಸೇರಿಸಿ ಹೊಲಿದಿದ್ದೆ.

"ದಾರ ಎಳೀರಿ ಅಳಿಯಂದಿರೇ, ಬರುತ್ತೆ!" ಎಂದರು ಅತ್ತೆ. ಎಳೆದೆ. ಬಂತು! ಇಡೀ ಪಡಸಾಲೆ ಬಿದ್ದು ಬಿದ್ದು ನಕ್ಕಿತು.

ಶಾಲೆ ಶುರುವಾದ ಬೆಳಿಗ್ಗೆ ನಾನು ಗೇಟಿನ ಬಳಿ ನಿಂತು ನೋಡಿದೆ. ನಮ್ಮ ಬೀದಿಯ ಮಕ್ಕಳು ಒಬ್ಬರಿಗಿಂತ ಒಬ್ಬರು ಲಕ್ಷಣವಾಗಿ ಸಾಲಾಗಿ ಹೊರಟಿದ್ದರು. ಗುಂಡ ಎಲ್ಲರ ಮುಂದಿದ್ದ, ಈಗ ಅವನ ಕೈಬೆರಳೆಲ್ಲ ಕಾಣುತ್ತಿದ್ದವು! ಬಸ್ ಡ್ರೈವರು ಹಾರ್ನ್ ಹೊಡೆದು ನನಗೆ ಸಲಾಮು ಮಾಡಿದರು. ಸುದ್ದಿ ಪಕ್ಕದ ಬೀದಿಗೂ ಹಬ್ಬಿ, ರೆಡಿಮೇಡ್ ಕೊಂಡವರೂ ಹುಡುಕಿಕೊಂಡು ಬಂದು, "ನಮಗೂ ಮೂರು ಮಡಿಕೆದೇ ಹೊಲಿದುಕೊಡಿ" ಎಂದು ದುಂಬಾಲು ಬಿದ್ದರು. ಆ ವಾರವೆಲ್ಲ ಮೆಷಿನ್ನಿಗೆ ಬಿಡುವಿಲ್ಲ. ಹೆಂಡತಿಯ ಮುಖದಲ್ಲಿ ಆ ಕಳೆ ನೋಡಿ ನನಗೂ ಹೊಟ್ಟೆ ತುಂಬಿತು.

ಕೊನೆಯ ಗಿರಾಕಿಯನ್ನೂ ಕಳಿಸಿ ಅವಳು ಟೇಪು ಸುತ್ತಿಡುತ್ತಿದ್ದಾಗ, ಹೊಗಳಿಸಿಕೊಳ್ಳಲು ಇದೇ ಸಮಯವೆಂದು ಹತ್ತಿರ ಹೋದೆ.

"ಹೇಗೆ? ಉದ್ಧಾರ ಆಯ್ತೋ ಇಲ್ವೋ?"

"ಆಯ್ತು. ಎರಡು ಬೀದಿಲೂ ಹೊಲಿಸದೇ ಇರೋ ಮನೇನೇ ಇಲ್ಲ ಈಗ."

"ಮತ್ತೆ! ಇನ್ನು ವರ್ಷಾ ವರ್ಷಾ ನಿನ್ನ ಹತ್ರಾನೇ ಬರ್ತಾರೆ!"

"ಯಾಕೆ ಬರ್ತಾರೆ?"

"ಅಂದ್ರೆ?"

"ಇನ್ನೂ ಮೂರು ವರ್ಷಕ್ಕೆ ಆಗೋಷ್ಟು ಬಟ್ಟೆ ಕೊಟ್ಟು ಕಳಿಸಿದ್ದೀವಲ್ಲ."

"ಹಾಗಲ್ಲ... ಮಡಿಕೆ ಬಿಚ್ಚಿಸೋಕಾದ್ರೂ..."

"ಅದನ್ನೂ ಕುರ್ಚಿ ಹತ್ತಿ ನೀವೇ ಕಲಿಸಿಕೊಟ್ರಲ್ಲ, ದಾರ ಎಳೀರಿ ಅಂತ!"

ಅವಳು ಮೆಷಿನ್ನಿಗೆ ಮುಸುಕು ಹೊದಿಸಿ, ದೀಪ ಆರಿಸಿ, ಬಲು ಸಮಾಧಾನದಿಂದ ಹೇಳಿದಳು:

"ಬರೋ ವರ್ಷ ನೀವು ಧಾರಾಳವಾಗಿ ಪ್ರವಾಸಕ್ಕೇ ರಜೆ ಹಾಕಿ. ನಾನೂ ಬರ್ತೀನಿ. ನಂಗೂ ರಜೆನೇ!"