ನಮ್ಮನೆ ಕಂಪ್ಯೂಟರಿನ ಹನ್ನೊಂದನೆಯ ಅವತಾರ

ರಜೆಯಲ್ಲಿದ್ದರೂ ಮನೆಯಿಂದಲೇ ಕಾಲೇಜು ಕಚೇರಿಯ ಆನ್‌ಲೈನ್ ಮೀಟಿಂಗಿಗೆ ಸೇರಿಕೊಂಡು, ನನ್ನ ಪರದೆಯನ್ನು ಎಲ್ಲರಿಗೂ ಕಾಣುವಂತೆ ತೆರೆದಿಟ್ಟು, ಕಡತ ವಿಲೇವಾರಿಯ ಬಗ್ಗೆ ಗಂಭೀರವಾಗಿ ಮಾತಾಡುತ್ತಿದ್ದೆ. ಆಗಲೇ ಪರದೆಯ ತುಂಬ ಒಂದು ನೀಲಿ ಫಲಕ ಬಂದು ನಿಂತಿತು. ಇಂಗ್ಲಿಷಿನಲ್ಲಿದ್ದ ಅದರ ತಾತ್ಪರ್ಯ ಇಷ್ಟು: 'ಇದಕ್ಕೆ ವಯಸ್ಸಾಯಿತು. ಇನ್ನು ಮುಂದೆ ಯಾವ ಬೆಂಬಲವೂ ಸಿಗುವುದಿಲ್ಲ. ಇಷ್ಟು ದಿನ ಜೊತೆಗಿದ್ದುದಕ್ಕೆ ವಂದನೆಗಳು.' ಅದನ್ನು ಮುಚ್ಚುವ ಗುಂಡಿಗಾಗಿ ನಾನು ಇಲಿಯನ್ನು ನಾಲ್ಕು ದಿಕ್ಕಿಗೂ ಓಡಿಸುತ್ತಿರುವಾಗ ಇಡೀ ಕಚೇರಿ ಓದಿ ಮುಗಿಸಿತು. ಪ್ರಾಂಶುಪಾಲರು ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ನನ್ನ ಪಕ್ಕದ ಮೇಜಿನ ಪೃಥ್ವಿರಾಜ್ ಬಹಳ ಮರ್ಯಾದೆಯಿಂದ ಕೇಳಿದ:

"ಸಾರ್, ಇದು ಕಂಪ್ಯೂಟರ್‌ಗೆ ಬಂದಿರೋದಾ, ನಿಮಗೆ ಬಂದಿರೋದಾ?"

ಆ ಕ್ಷಣವೇ ಶಪಥ ಮಾಡಿದೆ. ಹಾಸನ ಜಿಲ್ಲೆಯಲ್ಲಿ ಐವತ್ತು ದಾಟಿದ ಗಂಡಸು ಯಾರ ನೆರವೂ ಇಲ್ಲದೆ ತನ್ನ ಕಂಪ್ಯೂಟರನ್ನು ತಾನೇ ವಿಂಡೋಸ್ ಹತ್ತರಿಂದ ಹನ್ನೊಂದಕ್ಕೆ ಏರಿಸಿದನೆಂದರೆ ಅದು ನಾನೇ ಆಗಿರಬೇಕು! ಸಾಕ್ಷಾತ್ ಮಹಾವಿಷ್ಣುವೇ ಹತ್ತು ಅವತಾರಕ್ಕೆ ಸಾಕೆಂದು ನಿಲ್ಲಿಸಿದ್ದಾನೆ. ನಮ್ಮ ಮನೆಯ ಪೆಟ್ಟಿಗೆ, ವರ್ಷವರ್ಷವೂ ಆಯುಧಪೂಜೆಯ ಕುಂಕುಮ ಬಳಿಸಿಕೊಂಡು, ಹೂವಿನ ಚಿತ್ರದ ಕವರು ಹೊದ್ದು ಕೂತಿರುವ ಪೆಟ್ಟಿಗೆ, ಹನ್ನೊಂದನೆಯದನ್ನೂ ಎತ್ತಲಿದೆ!

ಅಡ್ಡಿ ಒಂದೇ. ನನ್ನ ಹೆಂಡತಿ ಯಮುನಾ.

ಯಮುನಾ ದಿನಾ ಹಾಸನದ ನಮ್ಮ ಮನೆಯಿಂದ ಓಡಾಡಿಕೊಂಡು ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಪಾಠ ಮಾಡುವ ವಿಜ್ಞಾನದ ಟೀಚರು. ಹುಟ್ಟಾ ಅನುಮಾನದ ಹೆಂಗಸು. ಹಾಲಿನವನು ಮಾತಾಡಿಸಿದರೆ ಹಾಲಿನ ಕಡೆ ನೋಡುತ್ತಾಳೆ, ನಾನು ಮಾತಾಡಿಸಿದರೆ ನನ್ನ ಕೈ ಕಡೆ ನೋಡುತ್ತಾಳೆ. ಸಾಲದ್ದಕ್ಕೆ ಹೋದ ತಿಂಗಳು ಪೊಲೀಸರು ಅವಳ ಸ್ಕೂಲಿಗೆ ಬಂದು ಸೈಬರ್ ಮೋಸದ ಬಗ್ಗೆ ಭಾಷಣ ಬೇರೆ ಮಾಡಿ ಹೋಗಿದ್ದರು. ಅಲ್ಲಿಂದ ಮೇಲೆ ನಮ್ಮ ಮನೆಯ ಕರೆಗಂಟೆ ಬಾರಿಸುವವರೂ ಎರಡು ಸಲ ಹೆಸರು ಹೇಳಬೇಕಾಗಿತ್ತು.

ಅವಳ ತಮ್ಮ ಮಧುಕುಮಾರನ ಮಗಳ ಮದುವೆ ಮುಂದಿನ ವಾರ. ಅದರ ಕೆಲಸಕ್ಕೆಂದು ಭಾನುವಾರ ಹೊಳೆನರಸೀಪುರಕ್ಕೆ ಹೊರಟವಳು, ಹಿಂದಿನ ಸಂಜೆಯೇ ಕಂಪ್ಯೂಟರಿನ ಮುಂದೆ ನಿಂತು ಹೇಳಿದಳು:

"ರೀ, ಇದ್ರಲ್ಲಿ ಅವ್ವನ ಪದಗಳಿದಾವೆ. ಬೇರೆಲ್ಲೂ ಇಲ್ಲ. ನಾನು ಕಾಪಿ ಮಾಡ್ಕೊಳೋ ತನಕ ಅದೇನೋ ಹನ್ನೊಂದು ಗಿನ್ನೊಂದು ಅಂತ ಕೈ ಹಾಕ್ಬೇಡಿ."

ಅವ್ವ ಎಂದರೆ ನನ್ನ ಅತ್ತೆ ಬೆಳ್ಳಮ್ಮ. ಹೊಳೆನರಸೀಪುರದಿಂದ ರಾಮನಾಥಪುರದವರೆಗೆ ಆ ಯಮ್ಮ ಸೋಬಾನೆ ಹೇಳದೆ ಹೆಣ್ಣಿಗೆ ಅರಿಶಿಣ ಹಚ್ಚುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆದಮೇಲೆ ಅವರಿಗೆ ದನಿಯೇ ಇಲ್ಲ. ಬರೀ ಗಾಳಿ ಬರುತ್ತದೆ. ದನಿ ಇದ್ದ ಕಾಲದಲ್ಲಿ ಯಮುನಾ ಪಕ್ಕದಲ್ಲಿ ಕೂತು ರೆಕಾರ್ಡ್ ಮಾಡಿದ್ದು ಈ ಪೆಟ್ಟಿಗೆಯೊಳಗಿತ್ತು. ಮೊಮ್ಮಗಳಿಗೆ ಅರಿಶಿಣ ಹಚ್ಚುವಾಗ ಅಜ್ಜಿಯ ದನಿಯೇ ಕೇಳಬೇಕು ಎಂದು ತಾಯಿಗೆ ಮಗಳು ಮಾತು ಕೊಟ್ಟಿದ್ದಳು.

"ಮುಟ್ಟಲ್ಲ ಕಣೆ, ಅಮ್ಮನಾಣೆಗೂ," ಎಂದೆ. ಅವಳು ನನ್ನನ್ನು ಮೇಲಿಂದ ಕೆಳಗಿನವರೆಗೆ ಒಂದು ಸಲ ನೋಡಿದಳು.

ಭಾನುವಾರ ಅವಳ ಬಸ್ಸು ಇನ್ನೂ ಹಾಸನ ದಾಟಿರಲಿಲ್ಲ, ನಾನು ಹೂವಿನ ಕವರು ತೆಗೆದಿದ್ದೆ.

ಯಂತ್ರ ಮೊದಲು ನನ್ನನ್ನು ತಿರಸ್ಕರಿಸಿತು. ನಿಮ್ಮ ಕಂಪ್ಯೂಟರಿಗೆ ಹನ್ನೊಂದಕ್ಕೇರುವ ಯೋಗ್ಯತೆ ಇಲ್ಲ ಎಂದಿತು. ಯೋಗ್ಯತೆ ಇಲ್ಲವೆಂದು ಸುಮ್ಮನಾಗಿದ್ದರೆ ನಾನು ಸೂಪರಿಂಟೆಂಡೆಂಟೇ ಆಗುತ್ತಿರಲಿಲ್ಲ! ಮೊಬೈಲಿನಲ್ಲಿ ಹುಡುಕಿದೆ. ಯೋಗ್ಯತೆ ಇಲ್ಲದವರನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಡುವ ಮಹಾನುಭಾವನೊಬ್ಬನ ವಿಡಿಯೋ ಸಿಕ್ಕಿತು. ಅವನು ಹಿಂದಿಯಲ್ಲಿ ಮಾತಾಡುತ್ತ ಒತ್ತಿದ್ದನ್ನೆಲ್ಲ ನಾನೂ ಒತ್ತಿದೆ. ನಡುವೆ ಯಂತ್ರ ಏನೋ ಕೇಳಿತು, ಇರುವುದನ್ನು ಇಟ್ಟುಕೊಳ್ಳಲೋ ಬೇಡವೋ ಎನ್ನುವ ಧಾಟಿಯ ಪ್ರಶ್ನೆ. ಆ ಮಹಾನುಭಾವ ಅದನ್ನು ಎಷ್ಟು ಬೇಗ ದಾಟಿದನೆಂದರೆ, ಅವನು ಒತ್ತಿದ್ದು ಯಾವುದೋ, ನಾನು ಒತ್ತಿದ್ದು ಯಾವುದೋ, ದೇವರಿಗೇ ಗೊತ್ತು.

ಪೆಟ್ಟಿಗೆ ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿತು, ಮೂರು ಸಲ ಸತ್ತಿತು, ಮೂರು ಸಲ ಹುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಹನ್ನೊಂದನೆಯ ಅವತಾರ ಪ್ರತ್ಯಕ್ಷವಾಯಿತು! ಎದ್ದು ನಿಂತು ನನಗೆ ನಾನೇ ಕೈಕುಲುಕಿಕೊಂಡೆ.

ಆಮೇಲೆ ಅವತಾರ ಬಾಯಿಬಿಟ್ಟಿತು. ಮೊದಲು ನೀವು ಮನುಷ್ಯರೆಂದು ಸಾಬೀತು ಮಾಡಿ ಎಂದಿತು. ಬಸ್ಸು ಇರುವ ಚೌಕಗಳನ್ನು ಒತ್ತಬೇಕಂತೆ. ಅರಕಲಗೂಡು ಬಸ್ಸನ್ನು ಬರೀ ಹಾರ್ನಿನಲ್ಲೇ ಗುರುತಿಸುವ ನನಗೆ ಇದೇನು ಮಹಾ ಎಂದುಕೊಂಡರೆ, ಎರಡು ಸಲ ಫೇಲಾದೆ. ಮೂರನೆಯ ಸಲ ಕನಿಕರಪಟ್ಟು ಮನುಷ್ಯನೆಂದು ಒಪ್ಪಿತು, ಆದರೆ ನಾನೇ ನಾನೆಂದು ಒಪ್ಪಲಿಲ್ಲ. ಈ ಖಾತೆ ತೆರೆಯುವಾಗ ಕೊಟ್ಟ ಮೊಬೈಲಿಗೆ ಗುಪ್ತ ಸಂಖ್ಯೆ ಕಳಿಸಿದ್ದೇನೆ, ಅದನ್ನು ಹಾಕಿದರೆ ಮಾತ್ರ ಬಾಗಿಲು ಎಂದಿತು. ಖಾತೆ ತೆರೆದಿದ್ದವಳು ಯಮುನಾ. ಮೊಬೈಲು ಯಮುನಾಳದು.

ಅವಳ ಅವ್ವನ ದನಿ ಬಾಗಿಲಾಚೆ. ಬೀಗದ ಕೈ ಹೊಳೆನರಸೀಪುರದಲ್ಲಿ. ವಿಷಯ ಹೇಳದೆ ಸಂಖ್ಯೆ ಕೇಳಬೇಕು! ಮೆತ್ತಗೆ ಮಾತಾಡಿದರೆ ಕೆಲಸ ಆಗುತ್ತದೆಂದು ಫೋನು ಮಾಡಿದೆ.

"ಯಮುನಾ, ಊಟ ಆಯ್ತಾ?"

ಅತ್ತಲಿಂದ, "ಯಾರು ಮಾತಾಡ್ತಿರೋದು?"

"ನಾನೇ ಕಣೆ."

"ನಾನೇ ಅಂದ್ರೆ ಯಾರು?"

ಇಲ್ಲಿ ಓದುಗರಿಗೆ ಒಂದು ನಿಜ ಹೇಳಬೇಕು. ಮದುವೆಯಾದಾಗಿನಿಂದ ನಾನು ಫೋನು ಮಾಡಿ ಅವಳ ಊಟ ವಿಚಾರಿಸಿದವನಲ್ಲ. ನನ್ನ ಫೋನೆಂದರೆ ಟವೆಲ್ ಎಲ್ಲಿದೆ, ಬೀರುವಿನ ಕೀ ಎಲ್ಲಿದೆ, ಇಷ್ಟೆ. ಗ್ಯಾಸ್ ಬುಕ್ ಮಾಡುತ್ತಿದ್ದೇನೆ, ನಿನಗೊಂದು ನಂಬರು ಬಂದಿರುತ್ತದೆ, ಬೇಗ ಹೇಳು ಎಂದೆ. ಗ್ಯಾಸ್ ಹೋದ ವಾರವೇ ಬಂದಿತ್ತೆಂಬುದು ನನಗೆ ತಿಳಿಯದು. ಪೊಲೀಸರು ಸ್ಕೂಲಿನಲ್ಲಿ ಹೇಳಿಕೊಟ್ಟಿದ್ದೂ ಇದನ್ನೇ: ಮೋಸಗಾರರು ನಂಬರನ್ನೂ ನಕಲು ಮಾಡುತ್ತಾರೆ, ದನಿಯನ್ನೂ ನಕಲು ಮಾಡುತ್ತಾರೆ, ಮೊದಲು ಅಕ್ಕರೆಯಿಂದ ಮಾತಾಡಿಸುತ್ತಾರೆ, ಆಮೇಲೆ ಅವಸರ ಮಾಡುತ್ತಾರೆ, ಕೊನೆಗೆ ಒಟಿಪಿ ಕೇಳುತ್ತಾರೆ. ನಾನು ಒಂದನ್ನೂ ಬಿಡದೆ, ಅದೇ ಕ್ರಮದಲ್ಲಿ ಮಾಡಿದ್ದೆ. ಫೋನು ಕಟ್ಟಾಯಿತು.

ಎರಡನೆಯ ಸಲ ಮಾಡಿದಾಗ ಅವಳು ಸ್ಪೀಕರ್ ಹಾಕಿದ್ದಳು. ಹಿಂದೆ ಹಪ್ಪಳ ಲಟ್ಟಿಸುತ್ತಿದ್ದ ಹೆಂಗಸರ ಗುಸುಗುಸು ಕೇಳುತ್ತಿತ್ತು. ಟೀಚರು ಪರೀಕ್ಷೆ ಶುರು ಮಾಡಿದಳು.

"ನಮ್ಮ ಮದುವೆ ಆಗಿದ್ದು ಯಾವಾಗ?"

"ವೈಶಾಖದಲ್ಲಿ. ಸೆಖೆ ಇತ್ತು."

"ಮಾಗಿ ಚಳೀಲಿ ಕಣಮ್ಮಿ ಆಗಿದ್ದು," ಎಂದಿತು ಹಿಂದಿನಿಂದ ಒಂದು ಮುದುಕಿಯ ದನಿ. "ಅಯ್ನೋರು ಎಲ್ಡು ಕಂಬ್ಳಿ ವದ್ಕೊಂಡು ಮಂತ್ರ ಯೋಳಿದ್ರು."

"ನಾನು ತಿನ್ನದ ತರಕಾರಿ ಯಾವುದು?"

"ಹಾಗಲಕಾಯಿ." ಇದನ್ನು ಧೈರ್ಯವಾಗಿ ಹೇಳಿದೆ. ಹಾಗಲಕಾಯಿ ತಿನ್ನದವನು ನಾನು.

"ಮನೇಲಿ ಉಪ್ಪು ಎಲ್ಲಿದೆ?"

"ಡಬ್ಬೀಲಿ."

"ಯಾವ ಡಬ್ಬೀಲಿ?"

"ಉಪ್ಪಿನ ಡಬ್ಬೀಲಿ."

ಹೊಳೆನರಸೀಪುರದಲ್ಲಿ ನಗು ಎದ್ದಿತು. ನಮ್ಮ ಮನೆಯ ಉಪ್ಪು ಇರುವುದು ಕಾಫಿಪುಡಿ ಎಂದು ಬರೆದ ಡಬ್ಬಿಯಲ್ಲಂತೆ! ಯಮುನಾ ಮಾತ್ರ ನಗಲಿಲ್ಲ.

"ಇಷ್ಟೊಂದು ತಪ್ಪು ಹೇಳ್ತಿದಾರೆ ಅಂದ್ರೆ ಇವ್ರು ನಮ್ಮವ್ರೇ, ಅದ್ರಲ್ಲಿ ಅನುಮಾನ ಇಲ್ಲ," ಎಂದು ಹೆಂಗಸರಿಗೆ ತೀರ್ಪು ಹೇಳಿದಳು. "ಆದ್ರೆ ಊಟ ಆಯ್ತಾ ಅಂತ ಇವ್ರಾಗೇ ಕೇಳೋರಲ್ಲ. ಯಾರೋ ಪಕ್ಕದಲ್ಲಿ ಕೂತು ಕೇಳಿಸ್ತಿದಾರೆ."

ಮತ್ತೆ ಕಟ್ಟು. ಆಮೇಲೆ ನಾನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಸ್ವಲ್ಪ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಕಿಟಕಿಯಲ್ಲಿ ನೋಡಿದರೆ ಎದುರು ಮನೆಯ ಕಾಮಾಕ್ಷಮ್ಮ, ಕೈಯಲ್ಲಿ ಬಟ್ಟೆ ಒಗೆಯುವ ಕೋಲು.

"ಏನಪ್ಪಾ, ಒಳಗಿರೋದು ನೀನೇನಾ?"

"ನಾನೇ ಕಣಮ್ಮ."

"ಅಂಗಾದ್ರೆ ಈಚೆ ಬಾ, ನೋಡ್ಬೇಕು. ನಿನ್ನೆಂಡ್ರು ನೋಡ್ಕೊಂಡ್ ಬಾ ಅಂದವ್ಳೆ."

ಆಚೆ ಬರಲಾರದ ಸಂಕಟದಲ್ಲಿದ್ದೆ. ಅದೇ ಕ್ಷಣ ಪರದೆಯ ಮೇಲೆ ಗುಪ್ತ ಸಂಖ್ಯೆಯ ಅವಧಿ ಮುಗಿಯುತ್ತ ಬಂದಿತ್ತು. ಇನ್ನೊಂದು ಸ್ವಲ್ಪ ಹೊತ್ತು ಕಾಯಪ್ಪ ಎಂದು ನಾನು ಕಂಪ್ಯೂಟರಿಗೆ ಕೈ ಮುಗಿದದ್ದನ್ನು ಕಾಮಾಕ್ಷಮ್ಮ ಕಿಟಕಿಯಿಂದ ಕಣ್ಣಾರೆ ಕಂಡರು. ಅಲ್ಲೇ ನಿಂತು ಫೋನಿನಲ್ಲಿ ಯಮುನಾಗೆ ವರದಿ ಒಪ್ಪಿಸಿದರು: "ಊಂ ಕಣವ್ವ, ಟಿವಿ ಮುಂದೆ ಕೂರ್ಸವ್ರೆ. ಕೈ ಮುಕ್ಕೊಂಡು ಬುಟ್ಬುಡಿ ಬುಟ್ಬುಡಿ ಅಂತಾವ್ರೆ ಪಾಪ."

ಬಿಟ್ಟುಬಿಡಿ ಎಂದು ನಾನು ಅಂದಿರಲಿಲ್ಲ. ಆದರೂ ಹೊಳೆನರಸೀಪುರದಲ್ಲಿ ನಾನು ಮೋಸಗಾರರ ಕೈಗೆ ಸಿಕ್ಕಿ ಡಿಜಿಟಲ್ ಅರೆಸ್ಟ್ ಆದದ್ದು ಖಾತ್ರಿಯಾಯಿತು. ಮಗಳ ಮದುವೆಯ ಓಡಾಟದಲ್ಲಿದ್ದ ಭಾವಮೈದ ಮಧುಕುಮಾರ ಎಲ್ಲ ಬಿಟ್ಟು ಬೈಕು ಹತ್ತಿದ. ಬಂದವನೇ ಹೆಲ್ಮೆಟ್ಟನ್ನೂ ತೆಗೆಯದೆ ಮಂಚದ ಕೆಳಗೆ ಬಗ್ಗಿ ನೋಡಿದ, ಬಚ್ಚಲು ನೋಡಿದ, ಬೀರುವಿನ ಹಿಂದೆ ಕೈ ಹಾಕಿ ನೋಡಿದ. ಕಾಮಾಕ್ಷಮ್ಮ ಕೋಲು ಹಿಡಿದು ಹಿಂಬಾಗಿಲು ಕಾಯ್ದರು. ಮಧು ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದ:

"ಭಾವ, ಮಾತಾಡ್ಬ್ಯಾಡಿ. ಒಳಗೆ ಎಷ್ಟು ಜನ ಅವ್ರೆ, ಬೆಳ್ಳಲ್ಲಿ ತೋರ್ಸಿ."

ಬೆರಳು ತೋರಿಸಲಿಲ್ಲ, ತಲೆ ತಗ್ಗಿಸಿದೆ. ಒಬ್ಬನೇ ಕಣೋ, ಅವನೂ ನಾನೇ ಎಂದು ನಡೆದುದನ್ನೆಲ್ಲ ಒಪ್ಪಿಸಿದೆ. ಅವನು ಹೆಲ್ಮೆಟ್ ತೆಗೆದು ನನ್ನನ್ನು ಬಹಳ ಹೊತ್ತು ನೋಡಿದ. ಡಿಜಿಟಲ್ ಅರೆಸ್ಟೇ ಆಗಿದ್ದರೆ ಚೆನ್ನಾಗಿತ್ತು ಎನ್ನುವ ಮುಖ.

ಅಕ್ಕನಿಗೆ ಅವನೇ ಫೋನು ಮಾಡಿ, ಭಾವನನ್ನು ಯಾರೂ ಹಿಡಿದಿಲ್ಲ, ಕಂಪ್ಯೂಟರ್ ಸರಿ ಮಾಡಿಕೊಂಡಿದ್ದಾರೆ, ನಂಬರು ಹೇಳು ಎಂದ. 'ಸರಿ ಮಾಡಿಕೊಂಡಿದ್ದಾರೆ' ಎಂಬ ಮಾತಿಗೆ ಅತ್ತ ಕಡೆ ಒಂದು ಉಸಿರು ಕೇಳಿಸಿತು. ಯಮುನಾ ಏನೂ ಕೇಳದೆ, ಹೊಸದಾಗಿ ಬಂದ ಸಂಖ್ಯೆಯನ್ನು ಒಂದೊಂದಾಗಿ ಓದಿದಳು. ಹಾಕಿದೆ. ಬಾಗಿಲು ತೆರೆಯಿತು.

ಎಂಥ ಚೆಂದದ ಬಾಗಿಲು! ನೀಲಿ ಹೂವೊಂದು ಪರದೆ ತುಂಬ ಅರಳಿತ್ತು. ಹೂವಿನ ಮೇಲೆ ಏನೂ ಇರಲಿಲ್ಲ. ಒಳಗೂ ಏನೂ ಇರಲಿಲ್ಲ. 'ಅವ್ವ' ಎಂದು ಹೆಸರಿಟ್ಟಿದ್ದ ಫೋಲ್ಡರನ್ನು ಎಲ್ಲ ಮೂಲೆಯಲ್ಲೂ ಹುಡುಕಿದೆ. ಇರುವುದನ್ನು ಇಟ್ಟುಕೊಳ್ಳಲೋ ಬೇಡವೋ ಎಂದು ಕೇಳಿದ್ದು ಇದನ್ನೇ ಎಂದು ಈಗ ಅರ್ಥವಾಯಿತು. ಬೇಡ ಎಂದವನು ನಾನು.

"ಅವ್ವನ ಪದ ಎಲ್ಲಿ ಭಾವ?" ಎಂದ ಮಧು. ಅವನ ದನಿ ಸಣ್ಣಗಾಗಿತ್ತು. ಅವನ ಮಗಳ ಅರಿಶಿಣ, ಅವನ ತಾಯಿಯ ದನಿ. ಕಾಮಾಕ್ಷಮ್ಮ ಕೂಡ ಕೋಲನ್ನು ಗೋಡೆಗೆ ಒರಗಿಸಿದರು.

ಫೋನಿನ್ನೂ ಅವನ ಕೈಯಲ್ಲಿತ್ತು. ಇಸಿದುಕೊಂಡೆ. ಇನ್ನು ಗ್ಯಾಸೂ ಇಲ್ಲ, ಊಟವೂ ಇಲ್ಲ. "ಯಮುನಾ, ಎಲ್ಲಾ ಹೋಯ್ತು ಕಣೆ. ನಾನೇ ಅಳಿಸಿಬಿಟ್ಟೆ," ಎಂದೆ.

ಅವಳು ಅಲ್ಲಿಂದ ಆಚೆ ಎದ್ದು ಹೋದಂತೆ ಹೆಜ್ಜೆಯ ಸದ್ದು. ಅಳಲಿಕ್ಕೆ ಹೋದಳೆಂದುಕೊಂಡೆ. ಅಷ್ಟರಲ್ಲಿ ಫೋನಿನೊಳಗೆ ಒಂದು ದನಿ ಎದ್ದಿತು. ನಾನು ಕುರ್ಚಿಯಿಂದಲೇ ಎದ್ದುಬಿಟ್ಟೆ. ಬೆಳ್ಳಮ್ಮನ ದನಿ! ಎರಡು ವರ್ಷದಿಂದ ಗಾಳಿ ಮಾತ್ರ ಬರುತ್ತಿದ್ದ ಗಂಟಲಿನಿಂದ ತುಂಬಿದ, ಕಂಚಿನಂಥ ದನಿ! ಅಳಿಯನ ಘನಕಾರ್ಯ ಕೇಳಿದ ಸಿಟ್ಟಿಗೆ ಅತ್ತೆಗೆ ದನಿಯೇ ವಾಪಸ್ಸು ಬಂದುಬಿಟ್ಟಿತೆಂದು ನಡುಗಿಹೋದೆ. ಆದರೆ ಅದು ಶಾಪವಾಗಿರಲಿಲ್ಲ, ಸೋಬಾನೆ. ಹಪ್ಪಳದ ಹೆಂಗಸರು ಹಿಂದಿನಿಂದ ಸೊಲ್ಲು ಸೇರಿಸುತ್ತಿದ್ದರು. ನಡುವೆ ಯಾರೋ, ಹಾಡೋ ಡಬ್ಬದ ಸವುಂಡು ಇನ್ನೊಂಚೂರು ಜಾಸ್ತಿ ಕೊಡವ್ವ ಎಂದರು.

ಮಧು ಅಲ್ಲೇ ನೆಲದ ಮೇಲೆ ಕೂತು ಕಣ್ಣೊರೆಸಿಕೊಂಡ. ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಪದ ಮುಗಿಯುವ ತನಕ ಕಾದು, ಯಮುನಾ ಮತ್ತೆ ಫೋನಿಗೆ ಬಂದಮೇಲೆ, ಬಹಳ ಮೆತ್ತಗೆ ಕೇಳಿದೆ:

"ಇದನ್ನ ಯಾವಾಗ ಕಾಪಿ ಮಾಡ್ಕೊಂಡೆ?"

"ನೀವು ಮುಟ್ಟಲ್ಲ ಅಂದ್ರಲ್ಲ," ಎಂದಳು ಯಮುನಾ, "ಆಗ್ಲೇ."